ಯಾರೂ ಬರುವುದಿಲ್ಲ ಎಂದುಕೊಂಡ ಊರು

ನಮಸ್ಕಾರ ಕೇಳುಗರೇ. ಸಿಂಗಾಪುರ ಅಂದ ಕೂಡಲೇ ನಮ್ಮವರು ಹೇಳುವುದು ಎರಡೇ ಮಾತು: ರಸ್ತೆ ಚೊಕ್ಕಟ, ಚೂಯಿಂಗ್ ಗಮ್ ಮಾರುವ ಹಾಗಿಲ್ಲ. ನನಗಂತೂ ಕೇಳಿ ಕೇಳಿ ಸಾಕಾಗಿದೆ. ಇವತ್ತು ಅದನ್ನು ಬಿಟ್ಟು, ಅಷ್ಟು ಪುಟ್ಟ ದೇಶ ತನ್ನನ್ನು ತಾನು ಹೇಗೆ ಕಾಯ್ದುಕೊಳ್ಳುತ್ತದೆ ಅಂತ ನೋಡೋಣ.

ಕುಕ್ಕರ್ ಕೂಗುವ ಸದ್ದಿನಲ್ಲಿ ಮಿಕ್ಕದ್ದೆಲ್ಲ ತಪ್ಪಿಹೋದರೂ ಪರವಾಗಿಲ್ಲ, ಒಂದು ಮಾತು ಕಿವಿಗೆ ಹಾಕಿಕೊಳ್ಳಿ. ಕಷ್ಟ ಬಂದಾಗ ಯಾರೂ ಬರುವುದಿಲ್ಲ. ಸಿಂಗಾಪುರದವರ ಲೆಕ್ಕಾಚಾರ ಶುರುವಾಗುವುದೇ ಇಲ್ಲಿಂದ.

1965ರ ಆಗಸ್ಟ್ 9ರಂದು ಸಿಂಗಾಪುರ ಮಲೇಷ್ಯಾದಿಂದ ಹೊರಬಿತ್ತು. ಹೊರಗೆ ಹಾಕಿದರು ಅಂದರೂ ತಪ್ಪಿಲ್ಲ. ಜನ ಸುಮಾರು 19 ಲಕ್ಷ, ಸೈನ್ಯ ಅಂತ ಇದ್ದದ್ದು ಎರಡೇ ಬೆಟಾಲಿಯನ್, ಅಂದರೆ ಕೆಲವು ನೂರು ಸೈನಿಕರ ಎರಡು ಪಡೆ. ಇಂಡೋನೇಷ್ಯಾ ಆಗ ಮಲೇಷ್ಯಾ ಮೇಲೆ ಹಗೆ ಸಾಧಿಸುತ್ತಿತ್ತು. ಅದೇ ಮಾರ್ಚ್‌ನಲ್ಲಿ ಸಿಂಗಾಪುರದ ಮ್ಯಾಕ್‌ಡೊನಾಲ್ಡ್ ಹೌಸ್ ಕಟ್ಟಡದಲ್ಲಿ ಇಂಡೋನೇಷ್ಯಾದವರು ಇಟ್ಟ ಬಾಂಬ್ ಸಿಡಿದು ಮೂರು ಜನ ಸತ್ತಿದ್ದರು.

ಆಗ ಪ್ರಧಾನಿ ಲೀ ಕ್ವಾನ್ ಯೂ ಯಾರಿಗೆ ಕಾಗದ ಬರೆದರು ಗೊತ್ತಾ? ನಮಗೆ! ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಗೆ. ಐದು ಬೆಟಾಲಿಯನ್ ಕಟ್ಟಬೇಕು, ಒಬ್ಬ ಸಲಹೆಗಾರರನ್ನು ಕಳಿಸಿಕೊಡಿ ಅಂತ. ಕರಾವಳಿ ಕಾವಲಿಗೆ ಒಬ್ಬರು ಬೇಕು ಅಂತ ಈಜಿಪ್ಟಿನ ಅಧ್ಯಕ್ಷ ನಾಸರ್ ಅವರಿಗೂ ಬರೆದರು. ನಾಸರ್ ದೇಶಕ್ಕೆ ಮಾನ್ಯತೆ ಕೊಟ್ಟರು, ಶಾಸ್ತ್ರಿಯವರಿಂದ ಶುಭಾಶಯ ಬಂತು, ಸೈನ್ಯದ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ. ಮಗಳ ಮದುವೆಗೆ ಸಾಲ ಕೇಳಿದರೆ ವಧೂವರರಿಗೆ ಆಶೀರ್ವಾದ ಕಳಿಸಿದ ಹಾಗಾಯಿತು. ನಮ್ಮವರನ್ನೂ ಬೈಯುವ ಹಾಗಿಲ್ಲ ಬಿಡಿ, ಸೆಪ್ಟೆಂಬರಿನಲ್ಲಿ ನಾವೇ ಪಾಕಿಸ್ತಾನದ ಜೊತೆ ಯುದ್ಧದಲ್ಲಿದ್ದೆವು.

ಕೊನೆಗೆ ಇಸ್ರೇಲ್ ಒಪ್ಪಿತು. ಆದರೆ ಸುತ್ತಲಿನ ಎರಡು ದೇಶಗಳಲ್ಲೂ ಮುಸ್ಲಿಮರೇ ಜಾಸ್ತಿ, ಇಸ್ರೇಲಿನವರು ಬಂದಿದ್ದಾರೆ ಅಂತ ಗೊತ್ತಾದರೆ ಗಲಾಟೆ. ಅದಕ್ಕೆ ಅವರಿಗೆ ಒಂದು ಹೆಸರಿಟ್ಟರು: ಮೆಕ್ಸಿಕೋದವರು! ಮೈಬಣ್ಣ ಸ್ವಲ್ಪ ಕಂದು, ಯಾರಾದರೂ ನಂಬುತ್ತಾರೆ ಅಂತ. ಒಂದು ದೇಶದ ಸೈನ್ಯ ಹುಟ್ಟಿದ್ದು ಹೀಗೆ. ಈ ಕತೆ ಎಷ್ಟು ಸಲ ಹೇಳಿದರೂ ನನಗೆ ನಗು ಬರುತ್ತದೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತೇನೆ. ಯಾಕೆಂದರೆ ಅವತ್ತೇ ಅವರಿಗೆ ಗೊತ್ತಾಯಿತು, ಸ್ನೇಹಿತರು ಕೂಡ ಬರುವುದಿಲ್ಲ.

1967ರಲ್ಲಿ ಗಂಡುಹುಡುಗರಿಗೆ ಸೈನ್ಯ ಸೇವೆ ಕಡ್ಡಾಯ ಮಾಡಿದರು. ಈಗ ಅದು ಎರಡು ವರ್ಷ, ಆಮೇಲೂ ವರ್ಷ ವರ್ಷ ಕರೆ ಬರುತ್ತಿರುತ್ತದೆ. ಅಲ್ಲಿ ನೆಲೆಸಿದ ಅಪ್ಪ ಅಮ್ಮನ ಮೂಲಕ ಕಾಯಂ ವಾಸದ ಪರವಾನಗಿ ಪಡೆದ ಮಗನಿಗೂ ಇದು ತಪ್ಪುವುದಿಲ್ಲ, ಅಂಥವರಲ್ಲಿ ನಮ್ಮ ಕಡೆಯ ಹುಡುಗರೂ ಇದ್ದಾರೆ. ದೊಡ್ಡ ಮೀನು ಸಣ್ಣದನ್ನು ನುಂಗುತ್ತದೆ, ಸರಿ. ಹಾಗಾದರೆ ನಾವು ವಿಷ ಇರುವ ಸೀಗಡಿ ಆಗೋಣ ಅನ್ನುವುದು ಲೀ ಅವರ ವಾದ.

ಅಯ್ಯೋ, ಗಡಿಯಾರ ನೋಡಿದರೆ ಸಮಯ ಆಗೇಹೋಯಿತು. ನೀರಿನ ಬಗ್ಗೆ ತುಂಬಾ ಹೇಳುವುದಿತ್ತು. ಚುಟುಕಾಗಿ ಕೇಳಿ. ಅಲ್ಲಿಗೆ ಮಲೇಷ್ಯಾದ ಜೊಹೋರ್‌ನಿಂದ ಪೈಪಿನಲ್ಲಿ ನೀರು ಬರುತ್ತದೆ, ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅವರು ಅಲ್ಲಿಯವರೆಗೆ ಕೈಕಟ್ಟಿ ಕೂರಲಿಲ್ಲ. 2003ರಿಂದಲೇ ಬಳಸಿದ ನೀರನ್ನು ಶುದ್ಧಮಾಡಿ ಮತ್ತೆ ಬಳಸುತ್ತಿದ್ದಾರೆ. ಚರಂಡಿ ನೀರಾ ಅಂತ ಮೂಗು ಮುರಿಯಬೇಡಿ! ಆ ಪೈಪನ್ನೇ ನಂಬಿ ಕೂತರೆ ಏನಾಗುತ್ತದೆ ಅಂತ ಅವರು ನೋಡಿದ್ದಾರೆ. ಸಿಂಗಾಪುರ ಬ್ರಿಟಿಷರ ಕೈಯಲ್ಲಿದ್ದ ಕಾಲ, 1942ರಲ್ಲಿ ಜಪಾನಿನವರು ಬಂದಾಗ, ಜೊಹೋರಿಗಿದ್ದ ಸೇತುದಾರಿಯನ್ನು ಬ್ರಿಟಿಷರೇ ಸಿಡಿಸಿದರು, ಅದರ ಜೊತೆ ನೀರಿನ ಪೈಪೂ ಹೋಯಿತು. ಎರಡು ವಾರದಲ್ಲಿ, ಫೆಬ್ರವರಿ 15ರ ಸಂಜೆ, ಬ್ರಿಟಿಷರು ಶರಣಾದರು. ಕಾಯುತ್ತೇವೆ ಅಂದವರು ಅವರೇ ಅಲ್ವಾ?

ನಿಮ್ಮ ಮಗನೋ ಮಗಳೋ ಅಲ್ಲಿ ಕೆಲಸದಲ್ಲಿದ್ದು, ನೀವು ಫೆಬ್ರವರಿಯಲ್ಲಿ ನೋಡಲು ಹೋದರೆ, 15ರ ಸಂಜೆ 6 ಗಂಟೆ 20 ನಿಮಿಷಕ್ಕೆ ಊರಿಗೆ ಊರೇ ಸೈರನ್ ಕೂಗುತ್ತದೆ. ಗಾಬರಿ ಬೀಳಬೇಡಿ. ಅದು ಆ ಶರಣಾಗತಿಯ ಹೊತ್ತು, ಅಷ್ಟೇ. ನಮಸ್ಕಾರ.