ಹಲ್ಲು ನೋಡಿ ಟೈರು ಕೊಳ್ಳುವವರಿಗೆ

ನಮಸ್ಕಾರ. ಕಳೆದ ಸಂಚಿಕೆಗೆ ವೀಕ್ಷಕರೊಬ್ಬರು ಹೀಗೆ ಪ್ರತಿಕ್ರಿಯಿಸಿದ್ದಾರೆ: "ಇಷ್ಟುದ್ದದ ಮಾತೇಕೆ ಸ್ವಾಮಿ? ಆಳವಾದ ಹಲ್ಲಿನ ಟೈರು ಹಾಕಿಸಿದರೆ ಸಣ್ಣ ಟ್ರ್ಯಾಕ್ಟರು ಎಲ್ಲಿಗೆ ಬೇಕಾದರೂ ಹೋಗುತ್ತದೆ." ಹೋಗುತ್ತದೆ, ಒಪ್ಪಿದೆ. ಹೋದಲ್ಲಿ ಏನು ಮಾಡಿ ಬರುತ್ತದೆ ಎಂಬುದನ್ನು ಮಾತ್ರ ಅವರು ಬರೆದಿಲ್ಲ. ಟೈರನ್ನು ಆರಿಸಬೇಕಾದದ್ದು ನೆಲ ನೋಡಿ, ಹಲ್ಲು ನೋಡಿ ಅಲ್ಲ.

ಟ್ರ್ಯಾಕ್ಟರ್ ಟೈರಿನ ಹಲ್ಲಿನ ಬಗೆಯನ್ನು ಆರ್-1, ಆರ್-2 ಎಂದು ಗುರುತಿಸುತ್ತಾರೆ. ಅವರು ಮೆಚ್ಚಿರುವ ಆಳ ಹಲ್ಲಿನ ಆರ್-1 ಟೈರು ಹುಟ್ಟಿದ್ದೇ ಉಳುವ ಮಣ್ಣಿಗಾಗಿ. ಅದರ ಓರೆ ಹಲ್ಲುಗಳು ಮಣ್ಣಿಗೆ ಇಳಿದು ಹಿಡಿಯುತ್ತವೆ, ಚಕ್ರ ತಿರುಗಿದಂತೆ ಅಂಟಿದ ಮಣ್ಣನ್ನು ಬದಿಗೆ ಉದುರಿಸುತ್ತವೆ. ಅದೇ ಟೈರು ಗಟ್ಟಿ ರಸ್ತೆಗೆ ಬಂದರೆ ಹಲ್ಲಿನ ತುದಿಗಳಷ್ಟೇ ನೆಲ ಮುಟ್ಟುವುದರಿಂದ ಕೂತವರ ಬೆನ್ನು ಅದುರುತ್ತದೆ, ರಬ್ಬರು ಬೇಗ ಸವೆಯುತ್ತದೆ. ಹುಲ್ಲುಹಾಸಿನ ಮೇಲೆ ಒಮ್ಮೆ ಅದನ್ನು ಓಡಿಸಿ ಗಕ್ಕನೆ ತಿರುಗಿಸಿದ ಮಹಾನುಭಾವ ನಾನೇ. ಬೇರು ಮೇಲೆದ್ದ ಎರಡು ಅರ್ಧಚಂದ್ರಗಳ ಮುಂದೆ ನಿಂತು, ಮಾಲೀಕರಿಗೆ ಏನು ಹೇಳಲಿ ಎಂದು ಬಹಳ ಹೊತ್ತು ಯೋಚಿಸಿದ್ದೆ. ಅಲ್ಲಿಗೆ ಬೇಕಿದ್ದುದು ಅಗಲವಾದ, ಹಲ್ಲು ತಗ್ಗಿದ ಆರ್-3. ಕೆಸರುಗದ್ದೆಗೆ ಆರ್-2 ಇದೆ. ಅದರ ಹಲ್ಲು ಆರ್-1ರದಕ್ಕಿಂತ ಸುಮಾರು ಎರಡು ಪಟ್ಟು ಆಳ. ಮುಂದೆ ಲೋಡರ್ ಕಟ್ಟಿಕೊಂಡು ಗಟ್ಟಿ ನೆಲದಲ್ಲಿ ಭಾರ ಎತ್ತುವವರಿಗೆ ಪಕ್ಕೆ ಗಟ್ಟಿಯಾಗಿರುವ ಆರ್-4. ನೆಲ ನೋಡಿ ಎಂದೆನಲ್ಲವೇ?

"ಹಾಗಾದರೆ ನಾಲ್ಕು ಜೊತೆ ಟೈರು ಇಟ್ಟುಕೊಳ್ಳಬೇಕೇ?" ಎಂದು ಕೇಳುವ ಜಾಣರಿಗೂ ಉತ್ತರವಿದೆ. ನಿಮ್ಮ ಟ್ರ್ಯಾಕ್ಟರು ಹೆಚ್ಚು ಗಂಟೆ ಕಳೆಯುವ ನೆಲ ಯಾವುದೋ ಅದಕ್ಕೆ ತಕ್ಕ ಒಂದು ಜೊತೆ ಸಾಕು. "ಚಕ್ರ ಜಾರುತ್ತದೆ, ಅದಕ್ಕೇ ದೊಡ್ಡ ಹಲ್ಲು" ಎನ್ನುವವರು ಮೊದಲು ಹಿಂದಿನ ತೂಕ ನೋಡಿಕೊಳ್ಳಲಿ. ಹಿಂಗಾಲಿಗೆ ಭಾರ ಬೀಳದಿದ್ದರೆ ಯಾವ ಹಲ್ಲೂ ಕಚ್ಚುವುದಿಲ್ಲ. ಹಿಂದಿನ ಟೈರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸುವ ಪದ್ಧತಿ ಇರುವುದೇ ಇದಕ್ಕಾಗಿ. ಅಂದಹಾಗೆ, ಈ ವಾಹಿನಿಗೆ ಚಂದಾದಾರರಾಗಲು ಹಣವೂ ಬೇಡ, ತೂಕವೂ ಬೇಡ.

ಇನ್ನು, ಹಿಂದಿನ ಎರಡು ಟೈರನ್ನು ಮಾತ್ರ ದೊಡ್ಡದು ಮಾಡಿಸಿಕೊಂಡು ಬೀಗುವ ಫೋರ್ ವೀಲ್ ಡ್ರೈವ್ ಶೂರರ ವಿಷಯ. ಎಂಜಿನ್ನು ನಾಲ್ಕೂ ಚಕ್ರಗಳನ್ನು ತಿರುಗಿಸುವ ಅಂಥ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಶೇಕಡಾ 1ರಿಂದ 5ರಷ್ಟು ಮಾತ್ರ ಮುಂದಾಗಿ ಉರುಳುವಂತೆ ಗೇರುಗಳನ್ನು ಹೊಂದಿಸಿರುತ್ತಾರೆ. ಮುಂದಿನ ಅಥವಾ ಹಿಂದಿನ ಟೈರುಗಳ ಸುತ್ತಳತೆ ಮಾತ್ರ ಬದಲಾದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು, ಅಂದರೆ ಚಕ್ರದ ಅಚ್ಚುಗಳು, ಪರಸ್ಪರ ಜಗ್ಗಾಡತೊಡಗುತ್ತವೆ, ಗಟ್ಟಿ ನೆಲದಲ್ಲಿ ಆ ಜಗ್ಗಾಟದ ಪೆಟ್ಟೆಲ್ಲ ಗೇರುಗಳಿಗೆ. ನೋಡಿ, ಮತ್ತೆ ನೆಲ! ಎಷ್ಟು ಸಲ ಹೇಳಬೇಕು? ನೆಲ, ನೆಲ, ನೆಲ! ಕಾರಣ ಕೇಳಬೇಡಿ, ಇದ್ದವನ್ನೆಲ್ಲ ಹೇಳಿಯಾಯಿತು.

ಆ ವೀಕ್ಷಕರು ಮತ್ತೆ ಬರೆಯುವುದಾದರೆ ತಮ್ಮ ಟ್ರ್ಯಾಕ್ಟರು ನಿಂತಿರುವ ಜಾಗದ ಒಂದು ಚಿತ್ರ ಕಳುಹಿಸಲಿ. ಟೈರಿನದು ಬೇಡ.