ಸ್ಟೀರಿಂಗ್ ಲಾಕ್ ಅಂತೆ, ಸಂಚು ಅಂತೆ... ಟೈರ್ ಡೇಟ್ ನೋಡಿದ್ರಾ ಯಾರಾದ್ರೂ?

ನಮಸ್ಕಾರ ನಮಸ್ಕಾರ, ಎಲ್ಲರಿಗೂ ಸ್ವಾಗತ. ಇವತ್ತು ನಾನು ಎಲೆಕ್ಟ್ರಿಕ್ ಕಾರ್ ಬ್ಯಾಟರಿ ವಾರಂಟಿ ಬಗ್ಗೆ ಮಾತಾಡ್ಬೇಕಿತ್ತು, ಸ್ಕ್ರಿಪ್ಟ್ ಎಲ್ಲಾ ರೆಡಿ ಇತ್ತು, ಅದನ್ನ ಪಕ್ಕಕ್ಕೆ ಇಟ್ಟಿದೀನಿ. ಯಾಕೆ ಅಂದ್ರೆ ಹೋದ ವಿಡಿಯೋ ಕೆಳಗೆ ಒಬ್ರು ಒಂದು ಕಮೆಂಟ್ ಹಾಕಿದಾರೆ, ಓದ್ತೀನಿ ಕೇಳಿ. "ಬ್ರೋ, ಅಷ್ಟು ಕೋಟಿ ಕೊಟ್ಟು ತಗೊಂಡಿರೋ ಪೋರ್ಷೆ ಸುಮ್‌ಸುಮ್ನೆ ಸ್ಕಿಡ್ ಆಗತ್ತಾ? ಪಾಲ್ ವಾಕರ್ ಕೇಸಲ್ಲಿ ಸ್ಟೀರಿಂಗ್ ಲಾಕ್ ಆಗಿತ್ತು, ಎಲ್ಲಾ ಮುಚ್ಚಾಕಿದಾರೆ, ನೀವೂ ಅವ್ರ ಕಡೆಯವ್ರಾ?" ಅಂತೆ. ಹೌದು ಸ್ವಾಮಿ, ಪೋರ್ಷೆಯವ್ರ ಜರ್ಮನಿಯಿಂದ ತಿಂಗಳು ತಿಂಗಳು ದುಡ್ಡಿನ ಕವರ್ ಬರತ್ತೆ ನಂಗೆ. ಈ ಮೈಕ್ ನೋಡಿ, ಟೇಪ್ ಸುತ್ತಿ ನಿಲ್ಸಿದೀನಿ, ಕವರ್ ಬರೋನ್ ಮೈಕ್ ಹಿಂಗಿರತ್ತಾ?

ಕಮೆಂಟ್ ಹಾಕ್ದೋರ ಮೇಲೆ ಅಷ್ಟ್ ಸಿಟ್ಟಿಲ್ಲ. ಅದಕ್ಕೆ ಲೈಕ್ ಒತ್ತಿದಾರಲ್ಲ ಜನ, ಅದು ತಲೆ ಕೆಡಿಸಿದ್ದು.

ಸರಿ, ಗೊತ್ತಿಲ್ದೋರಿಗೆ ಬೇಗ ಹೇಳ್ಬಿಡ್ತೀನಿ. 2013, ನವೆಂಬರ್ 30, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾ. ಫಿಲಿಪೈನ್ಸ್ ಚಂಡಮಾರುತದಲ್ಲಿ ಸಿಕ್ಕಾಕೊಂಡೋರಿಗೆ ಸಹಾಯ ಮಾಡೋಕೆ ಒಂದು ಕಾರ್ಯಕ್ರಮ ಇತ್ತು, ಅಲ್ಲಿಂದ ಹಾಲಿವುಡ್ ನಟ ಪಾಲ್ ವಾಕರ್ ಮತ್ತೆ ಅವ್ರ ಫ್ರೆಂಡ್ ರೋಜರ್ ರೋಡಸ್ ಒಂದ್ ರೌಂಡ್ ಹೋಗಿಬರೋಣ ಅಂತ ಹೊರಟ್ರು. ಓಡಿಸ್ತಿದ್ದಿದ್ದು ರೋಡಸ್. ಕಾರು 2005ರ ಪೋರ್ಷೆ ಕರೆರಾ ಜಿಟಿ. 5.7 ಲೀಟರ್ ವಿ10 ಇಂಜಿನ್, 600ರ ಮೇಲೆ ಕುದುರೆ ಶಕ್ತಿ, ಇಂಜಿನ್ ಇರೋದು ಸೀಟ್ ಹಿಂದೆ, ಪ್ರಪಂಚಕ್ಕೆಲ್ಲಾ ಸೇರಿ ಮಾಡಿದ್ದೇ 1,270 ಕಾರು. ಕಾರು ತಿರುಗಿ, ಅಡ್ಡಡ್ಡವಾಗಿ ಮರಕ್ಕೂ ಲೈಟ್ ಕಂಬಕ್ಕೂ ಹೊಡೀತು, ಬೆಂಕಿ ಹತ್ಕೊಂತು, ಇಬ್ಬರೂ ಹೋದ್ರು. ವಾಕರ್‌ಗೆ 40, ರೋಡಸ್‌ಗೆ 38.

ಅವತ್ತಿಂದ ಶುರು ನಮ್ ಜನರದ್ದು. ರೇಸ್ ಮಾಡ್ತಿದ್ರು ಅಂತೆ, ಇನ್ನೊಂದು ಕಾರ್ ಇತ್ತಂತೆ, ಕುಡಿದಿದ್ರು ಅಂತೆ, ಸ್ಟೀರಿಂಗ್ ಆಯಿಲ್ ಲೀಕ್ ಅಂತೆ, ಬ್ರೇಕ್ ಕಟ್ ಮಾಡಿದ್ರಂತೆ. ತನಿಖೆ ರಿಪೋರ್ಟ್ ಬಂದಿದ್ದು 2014 ಮಾರ್ಚಲ್ಲಿ. ಇನ್ನೊಂದು ಕಾರ್ ಇರ್ಲಿಲ್ಲ. ಮದ್ಯ ಇಲ್ಲ, ಡ್ರಗ್ಸ್ ಇಲ್ಲ. ಯಾಂತ್ರಿಕ ದೋಷ ಯಾವ್ದೂ ಸಿಗ್ಲಿಲ್ಲ. ಇಬ್ಬರೂ ಸೀಟ್ ಬೆಲ್ಟ್ ಹಾಕಿದ್ರು, ಏರ್‌ಬ್ಯಾಗ್ ಓಪನ್ ಆಗಿತ್ತು. 45 ಮೈಲಿ ಅಂತ ಬೋರ್ಡ್ ಇದ್ದ ರಸ್ತೇಲಿ ಕಾರು 80ರಿಂದ 93 ಮೈಲಿ ವೇಗದಲ್ಲಿ ಇತ್ತು, ಅಂದ್ರೆ ಗಂಟೆಗೆ 72 ಕಿಲೋಮೀಟರ್ ಇರ್ಬೇಕಾದ ಕಡೆ 130ರಿಂದ 150. ಆಮೇಲೆ ಇನ್ನೊಂದು ಸಾಲು ಇತ್ತು ಆ ರಿಪೋರ್ಟಲ್ಲಿ. ಟೈರ್‌ಗಳಿಗೆ 9 ವರ್ಷ ವಯಸ್ಸಾಗಿತ್ತು, ಅದು ಕಾರಿನ ಹಿಡಿತದ ಮೇಲೆ ಪರಿಣಾಮ ಮಾಡಿರಬಹುದು ಅಂತ.

ಒಂಬತ್ತು ವರ್ಷ ಸ್ವಾಮಿ! ಕಾರು 2005ರದ್ದು, ಟೈರಿಗೂ ಹತ್ತಿರ ಹತ್ತಿರ ಕಾರಿನಷ್ಟೇ ವಯಸ್ಸು. ಈ ಸಾಲನ್ನ ಯಾರೂ ಓದಲ್ಲ. ಸಂಚು ಬೇಕು, ಟೈರ್ ಬೇಡ. ಟೈರ್ ಬಗ್ಗೆ ಥಂಬ್‌ನೇಲ್ ಹಾಕಿದ್ರೆ ವ್ಯೂಸ್ ಬರಲ್ಲ, ನಂಗಿಂತ ಚೆನ್ನಾಗಿ ಯಾರಿಗ್ ಗೊತ್ತು ಅದು, ನಂದೇ ಟೈರ್ ಪ್ರೆಶರ್ ವಿಡಿಯೋ ಇದೆ ಚಾನೆಲಲ್ಲಿ, ನಮ್ಮಮ್ಮ ನೋಡಿದಾರೆ, ಅವ್ರೂ ಪೂರ್ತಿ ನೋಡಿಲ್ಲ.

ಈಗ ಕೆಲವ್ರು ಟೈಪ್ ಮಾಡ್ತಿರ್ತೀರಾ, "ಅಣ್ಣಾ, ರಿಪೋರ್ಟಲ್ಲಿ ಮೊದಲ ಕಾರಣ ಸ್ಪೀಡ್ ಅಂತ ಇದೆಯಲ್ಲ". ಇದೆ. ಇಲ್ಲ ಅಂದ್ನಾ ನಾನು? ವೇಗ ಎರಡು ಪಟ್ಟು ಆದ್ರೆ ಹೊಡೆತದ ಶಕ್ತಿ ನಾಲ್ಕು ಪಟ್ಟು, ಇದು ಹೈಸ್ಕೂಲ್ ಪಾಠ, 150ರಲ್ಲಿ ಹೋಗಿ ಮರಕ್ಕೆ ಅಡ್ಡಡ್ಡ ಹೊಡೆದ್ರೆ ಯಾವ ಕಂಪನಿ ಕಾರಾದ್ರೂ ಅಷ್ಟೇ, ಬಾಗಿಲ ಕಡೆ ಪೆಟ್ಟು ತಿನ್ನೋಕೆ ಮುಂದೆ ಬಾನೆಟ್ ಇದ್ದಂಗೆ ಜಾಗಾನೇ ಇರಲ್ಲ. ಅದೆಲ್ಲಾ ಸರಿ. ನನ್ನ ಪ್ರಶ್ನೆ ಅದಕ್ಕೂ ಒಂದ್ ಸೆಕೆಂಡ್ ಹಿಂದಿಂದು. ಕಾರು ಅಡ್ಡ ತಿರುಗಿದ್ದು ಯಾಕೆ? 330 ಕಿಲೋಮೀಟರ್ ವೇಗ ಮುಟ್ಟೋ ಹಂಗೆ ಮಾಡಿರೋ ಕಾರು, ಒಣಗಿರೋ ರಸ್ತೆ, ಹಗಲು ಹೊತ್ತು, ಸ್ಟೀರಿಂಗ್ ಹಿಡಿದಿರೋನು ರೇಸ್ ಟ್ರ್ಯಾಕಲ್ಲಿ ಓಡಿಸಿ ಪಳಗಿರೋನು. ರಸ್ತೆಗೂ ಕಾರಿಗೂ ನಡುವೆ ಇರೋದು ಏನು ಹೇಳಿ? ಒಂದೊಂದು ಚಕ್ರದಡಿ ಒಂದು ಅಂಗೈ ಅಷ್ಟು ರಬ್ಬರ್. ಇಂಜಿನ್ ಎಷ್ಟೇ ದೊಡ್ಡದಿರ್ಲಿ, ಬ್ರೇಕ್ ಸೆರಾಮಿಕ್ಕೇ ಇರ್ಲಿ, ಎಲ್ಲಾ ಬಂದು ನಿಲ್ಲೋದು ಆ ಅಂಗೈ ಜಾಗದ ಮೇಲೆ, ಅದು ಕೈ ಬಿಟ್ರೆ ಆಯ್ತು ಕಥೆ.

ರಬ್ಬರ್ ಹಳೇದಾದ್ರೆ ಏನಾಗತ್ತೆ ಅಂತ ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಫಾಸ್ಟ್ ಫಾರ್ವರ್ಡ್ ಮಾಡ್ಬೇಡಿ. ಸ್ಕೂಲಲ್ಲಿ ಪೆನ್ಸಿಲ್ ಬಾಕ್ಸ್ ಮೂಲೇಲಿ ಬಿದ್ದಿರೋ ಹಳೇ ರಬ್ಬರ್ ನೆನಪಿದೆಯಾ? ನೋಡೋಕೆ ಅದೇ ಸೈಜು, ಸವೆದಿಲ್ಲ, ಉಜ್ಜಿದ್ರೆ ಅಳ್ಸಲ್ಲ, ಗಟ್ಟಿಯಾಗಿ ಜಾರತ್ತೆ, ಪೇಪರ್ ಮೇಲೆ ಕಪ್ಪು ಬಳಿಯತ್ತೆ ಅಷ್ಟೇ. ಟೈರೂ ಅದೇ. ಗಾಳೀಲಿರೋ ಆಮ್ಲಜನಕ, ಓಝೋನು, ಬಿಸಿ, ಇವೆಲ್ಲಾ ಸೇರಿ ರಬ್ಬರನ್ನ ಒಳಗಿಂದ ಬಿಗಿ ಮಾಡ್ತಾ ಹೋಗತ್ತೆ. ಮೆತ್ತಗಿರೋ ರಬ್ಬರ್ ರಸ್ತೆಯ ಸಣ್ಣ ಸಣ್ಣ ಗುಳಿ ಒಳಗೆ ಇಳಿದು ಹಿಡ್ಕೊಳತ್ತೆ, ಗಟ್ಟಿಯಾಗಿದ್ದು ಮೇಲ್ಮೇಲೆ ತೇಲತ್ತೆ. ಇನ್ನೂ ಕೆಟ್ಟದ್ದೇನು ಅಂದ್ರೆ ಹೊಸ ಟೈರು ಜಾರೋ ಮುಂಚೆ ಕಿರುಚತ್ತೆ, ಸ್ಟೀರಿಂಗಲ್ಲಿ ಗೊತ್ತಾಗತ್ತೆ, ಓ ಸಾಕಪ್ಪಾ ಅಂತ ಕಾಲು ತೆಗೀತೀರಾ. ಗಟ್ಟಿಯಾಗಿರೋ ಟೈರು ಆ ಟೈಮ್ ಕೊಡಲ್ಲ. ಈ ಕರೆರಾ ಜಿಟಿ ಥರ ಇಂಜಿನ್ ಸೀಟ್ ಹಿಂದೆ, ನಡುಮಧ್ಯ ಇರೋ ಕಾರುಗಳು ಹಿಂದಿನ ಚಕ್ರ ಜಾರಿತು ಅಂದ್ರೆ ಗಿರಕಿ ಹೊಡೆಯೋದೂ ಬೇಗ.

ಅಂದ್ಮೇಲೆ ಕಮೆಂಟ್ ಹಾಕಿದ ಮಹಾನುಭಾವರೇ, "ಅಷ್ಟು ಕೋಟಿ ಕೊಟ್ಟ ಕಾರು" ಅಂದ್ರಲ್ಲ, ಕೋಟಿ ಕೊಟ್ಟಿದ್ದಕ್ಕೇ ಈ ರೋಗ! ಟ್ಯಾಕ್ಸಿ ಟೈರ್‌ಗೆ ಒಂಬತ್ತು ವರ್ಷ ಆಗೋ ಚಾನ್ಸೇ ಇಲ್ಲ, ಅದಕ್ಕೂ ಮೊದ್ಲೇ ಸವೆದು ಹೋಗಿರತ್ತೆ, ಬದಲಾಯಿಸಿರ್ತಾರೆ. ಇಂಥ ಕಾರುಗಳು ಓಡಿಸೋಕಲ್ಲ, ಇಡೋಕೆ. ಕಮ್ಮಿ ಓಡಿದಷ್ಟೂ ರೇಟ್ ಜಾಸ್ತಿ, ಅದಕ್ಕೆ ಬಟ್ಟೆ ಹೊದಿಸಿ ಗ್ಯಾರೇಜಲ್ಲಿ ಮಲಗಿಸಿರ್ತಾರೆ. ಟೈರ್ ರಬ್ಬರಲ್ಲಿ ಮೇಣದಂಥ ಒಂದು ಪದಾರ್ಥ ಬೆರೆಸಿರ್ತಾರೆ, ಟೈರ್ ಉರುಳಿ ಬಾಗಿ ಎದ್ದಾಗ ಅದು ಹೊರಗೆ ಬಂದು ಮೇಲ್ಮೈನ ಕಾಪಾಡತ್ತೆ, ನಿಂತಲ್ಲೇ ನಿಂತಿರೋ ಕಾರಿಗೆ ಅದೂ ಸರಿಯಾಗಿ ಆಗಲ್ಲ. ಟ್ರೆಡ್, ಅಂದ್ರೆ ರಸ್ತೆಗೆ ತಾಗೋ ಗೀರು ಗೀರು ಭಾಗ, ನೋಡಿದ್ರೆ ಫಳಫಳ ಅಂತ ಹೊಸದು. ವಯಸ್ಸು ನೋಡಿದ್ರೆ ಮಗು ನಾಲ್ಕನೇ ಕ್ಲಾಸ್.

ನನ್ನ ಫ್ರೆಂಡ್ ಒಬ್ಬ ಇದಾನೆ, ಹೆಸರು ಹೇಳಲ್ಲ, ಈ ವಿಡಿಯೋ ನೋಡ್ತಾನೆ. ಸೆಕೆಂಡ್ ಹ್ಯಾಂಡ್ ಲಕ್ಷುರಿ ಸೆಡಾನ್ ತಗೊಂಡ, "ಮಗಾ ಓಡೇ ಇಲ್ಲ ಗಾಡಿ, ಓನರ್ ಫಾರಿನಲ್ಲಿದ್ದ" ಅಂತ ಕುಣೀತಿದ್ದ. ನಾನು ಸೀದಾ ನೆಲದ ಮೇಲೆ ಮಲಗಿ ಮೊಬೈಲ್ ಟಾರ್ಚ್ ಹಾಕಿದೆ. ಟೈರ್ ಪಕ್ಕದ ಗೋಡೆ ಮೇಲೆ ಡಿ-ಓ-ಟಿ ಅಂತ ಶುರುವಾಗೋ ಒಂದು ಸಾಲು ಇರತ್ತೆ, ಅದರ ಕೊನೇ ನಾಲ್ಕು ಅಂಕಿ ಮುಖ್ಯ. ಮೊದಲೆರಡು ವಾರ, ಕೊನೆಯೆರಡು ವರ್ಷ. 2904 ಅಂತಿದ್ರೆ 2004ನೇ ಇಸವಿಯ 29ನೇ ವಾರ. ಮಜಾ ಏನಂದ್ರೆ ಪೂರ್ತಿ ನಂಬರ್ ಒಂದೇ ಬದೀಲಿ ಇರತ್ತೆ, ಆ ಬದಿ ಎಷ್ಟೋ ಸಲ ಕಾರಿನ ಒಳಕ್ಕೆ ತಿರುಗಿರತ್ತೆ, ಅದಕ್ಕೇ ಮಲಗಬೇಕು. ನೋಡಿದ್ರೆ ಅವನ ಟೈರ್ ಎಂಟು ವರ್ಷದ್ದು. ಟ್ರೆಡ್ ಸಂದಿಗೆ ಉಗುರು ಹಾಕಿ ಅಗಲಿಸಿದ್ರೆ ಕೂದಲೆಳೆ ಥರ ಬಿರುಕು, ಒಂದಲ್ಲ ಎರಡಲ್ಲ, ಸುತ್ತಲೂ. ಮೇಲೆ ಪಾಲಿಶ್ ಹೊಡೆದು ಕರ್ರಗೆ ಮಿಂಚಿಸಿ ಮಾರಿದಾರೆ. "ಗಾಳಿ ನಿಲ್ತಿದೆಯಲ್ಲ ಮಗಾ" ಅಂದ. ಗಾಳಿ ನಿಲ್ತದೆ, ನೀನು ನಿಲ್ತೀಯಾ?

ಟೈರ್ ಕಂಪನಿಗಳೇ ಹೇಳತ್ವೆ, ಐದು ವರ್ಷ ಆದ್ಮೇಲೆ ವರ್ಷಕ್ಕೊಂದ್ಸಲ ಚೆಕ್ ಮಾಡಿಸಿ, ಹತ್ತು ವರ್ಷ ಆದ್ರೆ ನೋಡೋಕೆ ಚೆನ್ನಾಗಿದ್ರೂ ಕಿತ್ತಾಕಿ ಅಂತ. ಕಾರ್ ಕಂಪನಿಗಳಲ್ಲಿ ಎಷ್ಟೋ ಜನ ಆರೇ ವರ್ಷ ಅಂತಾರೆ. ಅಮೆರಿಕದಲ್ಲಿ ಇದಕ್ಕೆ ದೇಶಕ್ಕೆಲ್ಲಾ ಒಂದು ಕಾನೂನು ಅಂತ ಇಲ್ಲ, ಬೇಕಾದ್ರೆ ಬದಲಾಯಿಸಿ, ಇಲ್ಲಾಂದ್ರೆ ನಿಮ್ಮಿಷ್ಟ. ಇನ್ನೂ ಹೊಟ್ಟೆ ಉರಿಯೋ ವಿಷಯ ಕೇಳಿ, ಈ ಕರೆರಾ ಜಿಟಿ ಕಾರಿಗೆ ಅಂತಾನೇ ಪೋರ್ಷೆಯವ್ರು ಮಿಶೆಲಿನ್ ಜೊತೆ ಸೇರಿ ಹೊಸ ಟೈರ್ ತಂದಿದ್ದು 2013ರಲ್ಲೇ. ಅದೇ ವರ್ಷ!

"ಸ್ಟೆಬಿಲಿಟಿ ಕಂಟ್ರೋಲ್ ಇರ್ಲಿಲ್ಲ ಆ ಕಾರಲ್ಲಿ, ಅದು ಕಾರಣ." ಬಂದ್ರು ಇನ್ನೊಬ್ರು. ಇರ್ಲಿಲ್ಲ, ಒಪ್ಪಿದೆ. ಕೋರ್ಟಲ್ಲೂ ಅದನ್ನೇ ವಾದ ಮಾಡಿದ್ರು. ರೋಡಸ್ ಹೆಂಡತಿ ಹಾಕಿದ್ದ ಕೇಸಲ್ಲಿ 2016ರಲ್ಲಿ ತೀರ್ಪು ಪೋರ್ಷೆ ಪರ ಬಂತು, ವಾಕರ್ ಮಗಳ ಕೇಸು 2017ರಲ್ಲಿ ರಾಜಿ ಆಯ್ತು. ಸರಿ, ಸ್ಟೆಬಿಲಿಟಿ ಕಂಟ್ರೋಲ್ ಇದ್ದಿದ್ರೆ ಅದು ಏನ್ ಮಾಡ್ತಿತ್ತು? ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನ ನೇರ ಮಾಡ್ತಿತ್ತು. ಬ್ರೇಕ್ ಹಾಕೋದು ಎಲ್ಲಿಗೆ? ಚಕ್ರಕ್ಕೆ. ಚಕ್ರದ ಸುತ್ತ ಇರೋದು? ಹೇಳಿ, ಜೋರಾಗಿ ಹೇಳಿ! ಟೈರು! ಕಂಪ್ಯೂಟರ್ ಬಂದು ರಬ್ಬರ್ ಮೆತ್ತಗೆ ಮಾಡಲ್ಲ ಗುರು.

"ಡ್ರೈವರ್ ತಪ್ಪು." ಟೈರ್ ಡೇಟ್ ನೋಡ್ದೇ ಹತ್ತಿದ್ದು ಡ್ರೈವರ್ ತಪ್ಪೇ, ಮುಂದೆ?

"ಬ್ರಿಟನ್ ರಾಜಕುಮಾರಿ ಡಯಾನಾ ಕೇಸ್ ಬಗ್ಗೆ ಏನಂತೀರಾ?" ಏನನ್ನಲಿ? 1997, ಪ್ಯಾರಿಸ್ ಸುರಂಗ, ಮರ್ಸಿಡಿಸ್, ಡ್ರೈವರ್ ಕುಡಿದಿದ್ದ, ವಿಪರೀತ ಸ್ಪೀಡು, ಒಬ್ಬರೂ ಬೆಲ್ಟ್ ಹಾಕಿರ್ಲಿಲ್ಲ, ಹಿಂದೆ ಫೋಟೋ ತೆಗೆಯೋರು ಬೆನ್ನಟ್ಟಿದ್ರು. ಲಂಡನ್ನಲ್ಲಿ ಜ್ಯೂರಿ ಕೂತು 2008ರಲ್ಲಿ ಹೇಳಿದ್ದೂ ಅದನ್ನೇ. ಜನ ಇನ್ನೂ ಮರ್ಸಿಡಿಸ್‌ಗೆ ತಾಗಿತ್ತು ಅನ್ನೋ ಆ ಬಿಳಿ ಫಿಯಟ್ ಕಾರ್ ಹುಡುಕ್ತಾ ಕೂತಿದಾರೆ. ಅದರಲ್ಲಿ ಟೈರ್ ವಿಷಯ ಬರಲ್ಲ, ಅದಕ್ಕೇ ನಂಗೂ ಆ ಕೇಸಲ್ಲಿ ಅಂಥ ಇಂಟರೆಸ್ಟ್ ಇಲ್ಲ, ಮುಂದಕ್ಕೆ ಹೋಗೋಣ.

ಒಂದ್ ನಿಮಿಷ, ನೀರು ಕುಡೀತೀನಿ. ಅಷ್ಟರಲ್ಲಿ ಸಬ್‌ಸ್ಕ್ರೈಬ್ ಒತ್ತಿ, ಪಕ್ಕದ ಗಂಟೇನೂ ಒತ್ತಿ. ಮೆಂಬರ್‌ಶಿಪ್ ಓಪನ್ ಆಗಿದೆ, ಮೆಂಬರ್ ಆದೋರಿಗೆ ನಿಮ್ಮ ಟೈರ್ ಫೋಟೋ ಕಳಿಸಿದ್ರೆ ನಾನೇ ಡೇಟ್ ಓದಿ ಹೇಳ್ತೀನಿ. ನಗ್ಬೇಡಿ, ಜನ ಕಳಿಸ್ತಾರೆ. ಹೋದ್ವಾರ ಒಬ್ರು ಮದ್ವೆ ಫೋಟೋ ಕಳ್ಸಿದ್ರು, ಹಿಂದೆ ಹೂವಿನ ಅಲಂಕಾರ ಮಾಡಿರೋ ಕಾರು, "ಸಾರ್ ಟೈರ್ ಹೆಂಗಿದೆ ನೋಡಿ" ಅಂತ. ಗಂಡು ಹೆಣ್ಣು ಯಾರ್ ಮುಖಾನೂ ನೋಡ್ಲಿಲ್ಲ ನಾನು, ಝೂಮ್ ಮಾಡಿದ್ದು ಚಕ್ರಕ್ಕೆ.

ಎಲ್ಲಿದ್ದೆ? ಹಾಂ. ಸ್ಟೀರಿಂಗ್ ಲಾಕ್. ಅಲ್ರೀ, ಸ್ಟೀರಿಂಗ್ ಲಾಕ್ ಆದ್ರೆ ಕಾರು ಒಂದೇ ಕಡೆ ಎಳ್ಕೊಂಡ್ ಹೋಗತ್ತೆ, ಹಿಂಭಾಗ ಕಿತ್ಕೊಂಡು ಗಿರಗಿರ ತಿರುಗಲ್ಲ. ತಿರುಗಿದೆ ಅಂದ್ರೆ ಹಿಂದಿನ ಚಕ್ರ ಬಿಟ್ಟಿದೆ. ಬಿಟ್ಟಿದೆ ಅಂದ್ರೆ ಹಿಡಿತ ಇಲ್ಲ. ಹಿಡಿತ ಇಲ್ಲ ಅಂದ್ರೆ, ನಾನು ಹೇಳಲ್ಲ, ನೀವೇ ಹೇಳಿ. ಈ ಚಾನೆಲ್ ಹೆಸರೇ ಬದಲಾಯಿಸ್ಬೇಕು ಅನ್ಸತ್ತೆ, ಬರೀ ಟೈರ್ ಅಂತ ಇಟ್ಬಿಡ್ತೀನಿ. ಯಾರ್ಯಾರೋ ಬಂದು ಲಾಂಚ್ ಕಂಟ್ರೋಲು, ಕಾರ್ಬನ್ ಫೈಬರು, ಎಕ್ಸಾಸ್ಟ್ ಸೌಂಡು ಅಂತ ಒಂದೊಂದ್ ಗಂಟೆ ವಿಡಿಯೋ ಮಾಡ್ತಾರೆ, ಟೈರ್ ಬಂದಾಗ "ಗುಡ್ ರಬ್ಬರ್ ಗೈಸ್" ಅಂತ ಒಂದು ಒದೆ ಕೊಟ್ಟು ಮುಂದೆ ಹೋಗ್ತಾರೆ. ಒದ್ರೆ ಏನ್ ಗೊತ್ತಾಗತ್ತೆ? ಕಾಲ್ ನೋವು ಗೊತ್ತಾಗತ್ತೆ.

ಇನ್ನೂ ಮೂರು ಪಾಯಿಂಟ್ ಬರ್ಕೊಂಡಿದ್ದೆ ಪೇಪರಲ್ಲಿ. ಸಸ್ಪೆನ್ಷನ್ನು, ರಸ್ತೆ ತಿರುವು, ಟೈರ್ ಬಿಸಿ ಆಗೋಕೆ ಮುಂಚೆ ಓಡಿಸೋದು. ಬೇಡ ಬಿಡಿ, ಅವೆಲ್ಲಾ ಸುತ್ತಿ ಬರೋದು ಅಲ್ಲಿಗೇ. ಬ್ಯಾಟರಿ ವಾರಂಟಿ ವಿಡಿಯೋ ಮುಂದಿನ ವಾರ ಗ್ಯಾರಂಟಿ. ಗ್ಯಾರಂಟಿ ಅಂದ್ರೆ, ಮಧ್ಯದಲ್ಲಿ ಇನ್ನೊಬ್ರು ಹಿಂಗೇ ಕಮೆಂಟ್ ಹಾಕ್ದೇ ಇದ್ರೆ. ಹಾಕೋರು ಹಾಕಿ, ಬೈಯೋರು ಬೈಯಿರಿ, ಆದ್ರೆ ಕಮೆಂಟ್ ಕೊನೇಲಿ ನಿಮ್ಮ ಗಾಡಿ ಟೈರ್‌ದು ಆ ನಾಲ್ಕು ಅಂಕಿ ಹಾಕಿ. ಅಂಕಿ ಇಲ್ದಿರೋ ಕಮೆಂಟ್‌ಗೆ ರಿಪ್ಲೈ ಇಲ್ಲ, ಪಿನ್ ಮಾಡ್ತಿದೀನಿ ಈಗ್ಲೇ.