ಹುಲ್ಲಿನ ಗೊಂಬೆ, ಹಿಟ್ಟಿನ ಹಕ್ಕಿ

ಎಲ್ಲರಿಗೂ ನಮಸ್ಕಾರ. ಪೋಲೆಂಡ್, ರಷ್ಯಾ ಕಡೆಯ ಸ್ಲಾವ್ ಜನ ಚಳಿಗಾಲವನ್ನು ಓಡಿಸಿ ವಸಂತವನ್ನು ಕರೆಯುವ ಹಬ್ಬಗಳ ಬಗ್ಗೆ ಇವತ್ತಿನ ಮಾತು.

ಪೋಲೆಂಡಿನ ದೊರೆ ಕ್ರೈಸ್ತನಾದದ್ದು 966ರಲ್ಲಿ, ಕೀವಿನ ದೊರೆ 988ರಲ್ಲಿ. ಅದಕ್ಕೂ ಹಿಂದಿನ ಸ್ಲಾವರು ತಮ್ಮ ಹಬ್ಬಗಳ ಬಗ್ಗೆ ತಾವೇ ಬರೆದಿಟ್ಟದ್ದು ನಮಗೆ ಸಿಕ್ಕಿಲ್ಲ. ಸಿಕ್ಕಿರುವುದು ಆಮೇಲೆ ಪಾದ್ರಿಗಳು ಬೈದು ಬರೆದದ್ದು, ಮತ್ತೆ ಹಳ್ಳಿಯವರು ಸುಮ್ನೆ ಮಾಡಿಕೊಂಡು ಬಂದದ್ದು. ನನಗೆ ಎರಡನೆಯದರ ಮೇಲೇ ನಂಬಿಕೆ ಜಾಸ್ತಿ. ದೇವರ ಹೆಸರು ಮರೆತರೂ ಜನ ಕೈಕೆಲಸ ಮರೆಯುವುದಿಲ್ಲ.

ಪೋಲೆಂಡಿನ ಮಝಾನ್ನಾಳನ್ನೇ ನೋಡಿ. ಇವಳು ಚಳಿಗಾಲ, ಇವಳೇ ಸಾವು. ಒಣಹುಲ್ಲನ್ನು ಕಟ್ಟಿ ಹೆಂಗಸಿನ ಆಕಾರ ಮಾಡುತ್ತಾರೆ. ಹಳೇ ಲಂಗ ಉಡಿಸಿ, ಕೊರಳಿಗೆ ಮಣಿಸರ ಹಾಕಿ, ಕೋಲಿಗೆ ಸಿಕ್ಕಿಸಿ ಊರೆಲ್ಲ ಮೆರೆಸುತ್ತಾರೆ. ಕೊನೆಗೆ ಬೆಂಕಿ ಹಚ್ಚಿ ಹೊಳೆಗೆ ಎಸೆಯುತ್ತಾರೆ. ವಾಪಸ್ ಬರುವಾಗ ಯಾರೂ ತಿರುಗಿ ನೋಡಬಾರದು. ನೋಡಿದರೆ ಕಾಯಿಲೆ ಬೆನ್ನು ಹತ್ತುತ್ತದೆ ಎಂಬ ಭಯ. ಹೋಗುವಾಗ ಸಾವನ್ನು ಹೊತ್ತವರು ಬರುವಾಗ ಬಣ್ಣದ ರಿಬ್ಬನ್ ಕಟ್ಟಿದ ಹಸಿರು ಕೊಂಬೆ ತರುತ್ತಾರೆ. ಅದನ್ನು ಗಾಯಿಕ್ ಎನ್ನುತ್ತಾರೆ. ನನ್ನ ಪ್ರಕಾರ ಹಬ್ಬದ ಜೀವ ಇರುವುದು ಈ ಕೊಂಬೆಯಲ್ಲಿ. ಬರೀ ಓಡಿಸಿದರೆ ಆಯಿತೇ? ಕರೆದುಕೊಂಡೂ ಬರಬೇಕಲ್ವಾ?

1420ರಲ್ಲಿ ಪೊಜ್ನಾನ್‌ನ ಚರ್ಚ್ ಸಭೆ ಈ ಆಚರಣೆಯನ್ನು ತಡೆಯಿರಿ ಎಂದು ಪಾದ್ರಿಗಳಿಗೆ ಕಟ್ಟಪ್ಪಣೆ ಮಾಡಿತು. ಜನ ಬಿಡಲಿಲ್ಲ. ಅದೇ ಶತಮಾನದ ಇತಿಹಾಸಕಾರ ಯಾನ್ ದ್ಲುಗೋಷ್ ಇದಕ್ಕೆ ಬೇರೆಯೇ ಕಾರಣ ಕೊಟ್ಟ. ಕ್ರೈಸ್ತನಾದ ಆ ಪೋಲೆಂಡಿನ ದೊರೆ ಹಳೆಯ ವಿಗ್ರಹಗಳನ್ನು ನೀರಿಗೆ ಹಾಕಿಸಿದ ನೆನಪು ಇದು ಎಂದ. ಬೈದು ಆಗದ್ದನ್ನು ಹೀಗೆ ಒಳಗೆ ಸೇರಿಸಿಕೊಂಡರು. ಈಗ ಮಾರ್ಚ್ 21ರಂದು ಶಾಲೆಯ ಮಕ್ಕಳು ಮಝಾನ್ನಾಳನ್ನು ಮುಳುಗಿಸುತ್ತಾರೆ. ಹೊಳೆ ಕೆಡದಿರಲೆಂದು ಹಲವು ಕಡೆ ಕಾಗದ, ಹುಲ್ಲು ಮಾತ್ರ ಬಳಸುತ್ತಾರೆ.

ರಷ್ಯಾದಲ್ಲಿ ಮಾಸ್ಲೆನಿತ್ಸಾ ಎಲ್ಲರಿಗೂ ಗೊತ್ತು. ಈಸ್ಟರ್‌ಗೆ ಮುಂಚೆ ಬರುವ ದೊಡ್ಡ ಉಪವಾಸಕ್ಕೂ ಮುಂಚಿನ ವಾರ, ತೆಳು ದೋಸೆಯಂಥ ಬ್ಲಿನಿ, ಧಾರಾಳವಾಗಿ ಬೆಣ್ಣೆ, ಕೊನೆಯ ದಿನ ಗೊಂಬೆ ಸುಡುವುದು. ಸೋವಿಯತ್ ಕಾಲದಲ್ಲಿ ಇದನ್ನೇ 'ರಷ್ಯಾದ ಚಳಿಗಾಲಕ್ಕೆ ಬೀಳ್ಕೊಡುಗೆ' ಎಂಬ ಹೆಸರಿನಲ್ಲಿ ನಡೆಸಿದರು. ಅದಕ್ಕಿಂತ ನನಗೆ ಇಷ್ಟವಾದದ್ದು ಅಡುಗೆಮನೆಯ ಒಂದು ಸಣ್ಣ ಹಬ್ಬ. ಮಾರ್ಚ್ 22ರಂದು ಅಮ್ಮಂದಿರು ಹಿಟ್ಟು ನಾದಿ, ಉದ್ದಕ್ಕೆ ಹೊಸೆದು, ಗಂಟು ಹಾಕುತ್ತಾರೆ. ಒಂದು ತುದಿ ತಲೆ, ಇನ್ನೊಂದು ಬಾಲ. ಕಣ್ಣಿಗೆ ಒಣದ್ರಾಕ್ಷಿ. ಬಾನಾಡಿ ಹಕ್ಕಿ ಸಿದ್ಧ. ಹಿಂದೆ ಮಕ್ಕಳು ಈ ಬಿಸಿ ಹಕ್ಕಿಯನ್ನು ಕೋಲಿಗೆ ಸಿಕ್ಕಿಸಿ ದಿಬ್ಬಕ್ಕೋ ಕೊಟ್ಟಿಗೆಯ ಚಾವಣಿಗೋ ಹತ್ತಿ, ಹಾರಿ ಬನ್ನಿ, ವಸಂತ ತನ್ನಿ ಎಂದು ಕೂಗಿ ಹಾಡುತ್ತಿದ್ದರು. ಹಾಡು ಮುಗಿದ ಮೇಲೆ ತಿನ್ನುವುದು. ಕೆಲವು ಊರಲ್ಲಿ ಒಂದು ಹಕ್ಕಿಯೊಳಗೆ ನಾಣ್ಯ ಅಡಗಿಸುತ್ತಿದ್ದರು. ಅದು ಯಾರಿಗೆ ಸಿಕ್ಕಿತೋ ಅವರದ್ದೇ ಮೊದಲ ಬಿತ್ತನೆ.

ದನಕರುಗಳಿಗೂ ಹಬ್ಬವಿತ್ತು. ಹಳೇ ಪಂಚಾಂಗದ ಏಪ್ರಿಲ್ 23, ಈಗಿನ ಮೇ 6, ಸಂತ ಯೆಗೋರಿಯ, ಅಂದರೆ ಸಂತ ಜಾರ್ಜ್‌ನ ದಿನ. ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ಇದ್ದ ಹಸುಗಳನ್ನು ಅಂದು ಮೊದಲ ಸಲ ಮೇಯಲು ಬಿಡುತ್ತಿದ್ದರು. ಅವುಗಳನ್ನು ಹೊಡೆದುಕೊಂಡು ಹೋಗುವುದು ವಿಲೋ ಮರದ ಕಡ್ಡಿಯಿಂದ. ಅದೂ ಈಸ್ಟರ್‌ಗೆ ಒಂದು ವಾರ ಮುಂಚೆ ಚರ್ಚ್‌ನಲ್ಲಿ ಮಂತ್ರಿಸಿ ತಂದು, ಅಲ್ಲಿಯವರೆಗೆ ಮನೆಯ ದೇವರ ಪಟಗಳ ಬಳಿ ಇಟ್ಟಿದ್ದ ಕಡ್ಡಿ.